ಕಿತ್ತಳೆ ಬಣ್ಣದ ಬೆವರು

"ಇವನ್ನ ಒಗದೋರು ಯಾರು?"

ಹಿತ್ತಲ ತಂತಿಯ ಮೇಲೆ ಒಣಗಿ ಸೆಟೆದಿದ್ದ ಬಿಳಿ ಬನಿಯನ್ನುಗಳಲ್ಲಿ ಒಂದನ್ನು ತೆಗೆದು ಸಬ್ ಇನ್ಸ್‌ಪೆಕ್ಟರ್ ವಾಣಿಶ್ರೀ ಬಿಸಿಲಿಗೆ ಅಗಲಿಸಿ ಹಿಡಿದಳು. ಎರಡೂ ಕಂಕುಳಲ್ಲಿ ಅಂಗೈಯಗಲದ ಕಲೆ. ಕೆಮ್ಮಣ್ಣಿನದಲ್ಲ, ಅರಿಸಿನದ್ದಲ್ಲ. ಮಾಗಿದ ಕಿತ್ತಳೆ ಸಿಪ್ಪೆಯ ಬಣ್ಣ.

"ನಾನರಿ ಮೇಡಂ," ಮನೆಗೆಲಸದ ಸುಂಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಸಾಬೂನು ಸವೀತು, ಕಲಿ ಹೋಗವಲ್ದು. ಸಾವ್ಕಾರ್ರು ದವಾಖಾನಿಗೆ ಹೋಗೋಕಿಂತ ಮದ್ಲಿನ ಬಟ್ಟಿ ಇವು."

"ಯಾವಾಗಿಂದ ಹಿಂಗ?"

"ದೀಪಾವಳಿ ಆದ ಮ್ಯಾಲಿಂದ ಅನ್ರಿ. ಮದ್ಲು ಕುಂಕುಮ ಅನ್ಕೊಂಡೆ. ಆಮ್ಯಾಲ ನೋಡಿದ್ರ ಬೆವರು ಹತ್ತಿದಲ್ಲೆ ಅಷ್ಟ ಬಣ್ಣ. ತಲಿದಿಂಬಿನ ಗವುಸಿಗೂ ಐತಿ."

"ಮನ್ಯಾಗ ಬ್ಯಾರೆ ಯಾರ ಬಟ್ಟಿಗರ ಹಿಂಗ ಆಗೇತೇನು?"

"ಇಲ್ರಿ. ಸಾವ್ಕಾರ್ರದು ಒಂದ."

ಆಸ್ಪತ್ರೆ ಕಾಗದದ ಪ್ರಕಾರ ಹದಿನಾಲ್ಕು ತಿಂಗಳ ಹಿಂದೆ ತಂಗಿ ಎರ್ರಮ್ಮ ಕೊಟ್ಟ ಕಿಡ್ನಿ ಈಗ ಮನೆಯ ಯಜಮಾನ ಗುರುಬಸವರಾಜನ ಹೊಟ್ಟೆಯೊಳಗೆ ಸಾಯತೊಡಗಿತ್ತು. ಅದನ್ನು ಯಾರೋ ಬೇಕಂತಲೇ ಸಾಯಿಸುತ್ತಿದ್ದಾರೆ ಎಂದು ಆರು ದಿನದ ಹಿಂದೆ ಕೊಟ್ಟೂರು ಠಾಣೆಗೆ ಬಂದು ದೂರು ಕೊಟ್ಟವಳೂ ಆ ತಂಗಿಯೇ. 'ಅವನೊಳಗ ನಂದೂ ಒಂದು ಜೀವ ಐತ್ರಿ' ಎಂದು ಆಕೆ ಬೆಂಚಿನ ಮೇಲೆ ಕುಳಿತು ಹೇಳಿದ ಮಾತು ವಾಣಿಶ್ರೀಯ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಅವಳು ಬನಿಯನ್ನನ್ನು ಮಡಚಿ ಕವರಿಗೆ ಹಾಕಿಕೊಂಡಳು. ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಸುಕನ್ಯಾ ನಿಂತಿದ್ದಳು. ಗುರುಬಸವರಾಜನ ಹೆಂಡತಿ. ಮೂಗು ಬಾಯಿ ಮುಚ್ಚಿದ ಬಿಳಿ ಮಾಸ್ಕು, ಅದರ ಮೇಲೆ ರೆಪ್ಪೆ ಬಡಿಯದ ಎರಡು ಕಣ್ಣು.

"ಮನ್ಯಾಗೂ ಮಾಸ್ಕ್ ಹಾಕ್ಕೊಂಡಿರ್ತೀರಿ?"

"ಭಟ್ಟಿ ಧೂಳು ನನಗ ಆಗಿಬರಂಗಿಲ್ರಿ," ಎಂದಳು ಸುಕನ್ಯಾ.

ಗಂಡನ ಮಂಡಕ್ಕಿ ಭಟ್ಟಿ ಇದ್ದದ್ದು ಊರಾಚೆ, ಹೆಚ್ಚುಕಡಿಮೆ ಎರಡು ಕಿಲೋಮೀಟರ್ ದೂರ.

*

ಹಗರಿಬೊಮ್ಮನಹಳ್ಳಿಯ ಫಾರ್ಮಸಿ ಕಾಲೇಜಿನಲ್ಲಿ ಡಾಕ್ಟರ್ ಚಂದನಾ ಪಾಠ ಮುಗಿಸಿ ಲ್ಯಾಬಿನಲ್ಲಿ ಕಾಯುತ್ತಿದ್ದಳು. ಕೋಗಳಿಯ ಹೆಣ್ಣುಮಗಳು. ಹೈದರಾಬಾದಿನಲ್ಲಿ ಏಳು ವರ್ಷ ಸಂಶೋಧನೆ ಮಾಡಿ, ತಾಯಿಗೆ ಲಕ್ವ ಹೊಡೆದ ಮೇಲೆ ವಾಪಸು ಬಂದವಳು. ಔಷಧದ ವಿಷಯ ಬಂದಾಗಲೆಲ್ಲ ವಾಣಿಶ್ರೀ ಅವಳ ಬಳಿಗೇ ಬರುತ್ತಿದ್ದಳು.

ಮೇಜಿನ ಮೇಲೆ ಗುರುಬಸವರಾಜನ ರಕ್ತಪರೀಕ್ಷೆಯ ಕಾಗದಗಳು ತಿಂಗಳುವಾರು ಹರಡಿದ್ದವು.

"ಬ್ಯಾರೆಯವರ ಕಿಡ್ನಿ ಹಾಕಿಸಿಕೊಂಡೋರು ಜೀವನಪೂರ್ತಿ ಈ ಟ್ಯಾಕ್ರೋಲಿಮಸ್ ಗುಳಿಗಿ ನುಂಗಬೇಕು," ಚಂದನಾ ಪೆನ್ನಿನ ತುದಿಯಿಂದ ಒಂದೊಂದೇ ಅಂಕಿ ಮುಟ್ಟಿದಳು. "ಇಲ್ಲಂದ್ರ ಮೈಯೇ ಅದನ್ನ ಹೊರಗಿನದು ಅಂತ ತಿಂದು ಹಾಕತೈತಿ. ಅಕ್ಟೋಬರಿನಾಗ ರಕ್ತದಾಗ ಏಳೂ ಮುಕ್ಕಾಲು ಇತ್ತು, ಚಲೋ ಐತಿ. ಡಿಸೆಂಬರಿಗೆ ಮೂರು. ಡಾಕ್ಟ್ರು ಗುಳಿಗಿ ಜಾಸ್ತಿ ಮಾಡ್ಯಾರ. ಜನವರಿಗೆ ನೋಡ್ರಿ, ಒಂದೂವರಿ."

"ಪೇಷಂಟು ಗುಳಿಗಿ ತಪ್ಪಿಸ್ಯಾನ ಅಂತ ದಾವಣಗೆರೆ ದವಾಖಾನ್ಯಾಗ ಬರದಾರ."

"ನಾ ಒಪ್ಪಂಗಿಲ್ಲ. ತಪ್ಪಿಸಿದ್ದರ ವಾರ್ಡಿಗೆ ಹಾಕಿ ಕಣ್ಣೆದುರಿಗೆ ನುಂಗಿಸಿದ ಎರಡು ಮೂರು ದಿನಕ್ಕ ಏರಬೇಕಿತ್ತು. ಇಲ್ಲೆ ಹದಿನಾಕು ದಿನ ತಗೊಂಡೈತಿ, ಇಷ್ಟಿಷ್ಟ ಏರೈತಿ. ಅಂದ್ರ ಏನು? ಅವರ ಲಿವರಿನಾಗ ಔಷಧನ್ನ ಗುಡಿಸಿ ಒಗಿಯೋ ಎನ್ಜೈಮುಗಳ ದೊಡ್ಡ ಪಡೀನ ನಿಂತಿತ್ತು. ಅದು ನಿಧಾನಕ್ಕ ಕರಗೈತಿ."

"ಆ ಪಡಿ ಕರಸಿದವರು ಯಾರು?"

ಚಂದನಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ದನಿಗೆ ಬೇರೆಯೇ ಬಿಸಿ ಬಂತು.

"ನಮ್ಮ ಜೀವಕೋಶದ ನಟ್ಟನಡುವೆ, ನ್ಯೂಕ್ಲಿಯಸ್‌ನಾಗ, ನಲವತ್ತೆಂಟು ಥರದ ರಿಸೆಪ್ಟರ್ ಅದಾವ ಮೇಡಂ. ತಮ್ಮ ಪಾಲಿನ ಕರೆ ಬಂದಾಗ ಎದ್ದು ಜೀನುಗಳಿಗೆ ಕೆಲಸ ಹಚ್ಚೋವು. ಒಂದು ಹಾರ್ಮೋನಿನ ಕರೆಗೆ ಏಳತೈತಿ, ಒಂದು ಡಿ ವಿಟಮಿನ್ ಕರೆಗೆ. ಆದ್ರ ಶುರುವಿಗೆ ಅವುಗಳಾಗ ಅರ್ಧದಷ್ಟು ಯಾರ ಕರೆಗೆ ಏಳತಾವ ಅಂತ ಯಾರಿಗೂ ಗೊತ್ತಿರಲಿಲ್ಲ. ಅದಕ್ಕ ಅವಕ್ಕ ಅನಾಥ ರಿಸೆಪ್ಟರ್ ಅಂತ ಹೆಸರಿಟ್ರು."

"ಅನಾಥ ಅಂದ್ರ ಕೆಲಸಕ್ಕ ಬಾರದವೇನು?"

"ಛೇ! ನಮ್ಮ ನಿದ್ದಿ ಎಚ್ಚರದ ಗಡಿಯಾರ, ಲಿವರಿನ ಕೊಬ್ಬು, ರಕ್ತದ ಸಕ್ಕರಿ, ಮಿದುಳಿನಾಗಿನ ಕೆಲವು ನರ, ಇವನ್ನೆಲ್ಲ ಕಾಯೋರಾಗ ಅವೂ ಅದಾವ. ಹಾದಿ ತಪ್ಪಿದ್ರ ಸಕ್ಕರಿ ಕಾಯಿಲಿ, ಕೆಲವು ಕ್ಯಾನ್ಸರು. ಕೆಲವಕ್ಕ ಆಮ್ಯಾಲ ಕರಿಯೋರು ಸಿಕ್ಕರು. ನಾ ಏಳು ವರ್ಷ ಬೆನ್ನು ಹತ್ತಿದ್ದು ಇವತ್ತಿಗೂ ಅನಾಥನ." ಅವಳು ನಕ್ಕಳು. ನಗು ಕಣ್ಣಿನವರೆಗೆ ಹೋಗಲಿಲ್ಲ. "ಲಿವರಿನಾಗಿನ ಒಂದರ ಕಥಿ ಮಾತ್ರ ಕಾಲು ಶತಮಾನದ ಹಿಂದ ಬಯಲಾತು. ಅದು ಒಬ್ಬರ ಕರೆಗೆ ಕಾಯೋದಲ್ಲ. ಮೈಗೆ ಪರಕೀಯವಾದದ್ದು ಏನು ಬಂದ್ರೂ ಎದ್ದು ಕೂಗೋ ಕಾವಲುಗಾರ. ಅದು ಕೂಗಿದ್ರ ಗುಡಿಸೋ ಪಡಿ ಬರತೈತಿ. ಬಂದದ್ದು ಯಾವುದು ಬೇಕು, ಯಾವುದು ಬ್ಯಾಡ ಅಂತ ನೋಡಂಗಿಲ್ಲ. ಟ್ಯಾಕ್ರೋಲಿಮಸ್ಸನ್ನೂ ಗುಡಿಸಿ ಹಾಕತೈತಿ."

"ಆ ಕಾವಲುಗಾರನ್ನ ಎಬ್ಬಿಸೋದು ಹೆಂಗ?"

"ಎಲ್ಲಕ್ಕಿಂತ ಜೋರಾಗಿ ಎಬ್ಬಿಸೋದು ರಿಫಾಂಪಿಸಿನ್. ಟಿಬಿಗೆ ಕೊಡೋ ಔಷಧ. ಎಷ್ಟೋ ಜನರ ಜೀವ ಉಳಿಸೈತಿ ಅದು. ಆದ್ರ ಕಿಡ್ನಿ ಹಾಕಿಸಿಕೊಂಡವನ ಹೊಟ್ಟಿಗೆ ದಿನಾ ಗೊತ್ತಿಲ್ದಂಗ ಬಿತ್ತಂದ್ರ, ಅವನು ತನ್ನ ಗುಳಿಗಿ ತಪ್ಪದ ನುಂಗಿದ್ರೂ ನುಂಗದಂಗನ."

"ಬಣ್ಣ?"

"ಇಟ್ಟಿಗಿ ಪುಡಿ ಥರ. ತಗೊಂಡೋರ ಮೂತ್ರ, ಬೆವರು, ಕಣ್ಣೀರು ಕಿತ್ತಳಿ ಬಣ್ಣಕ್ಕ..."

ವಾಣಿಶ್ರೀ ಕವರಿನಿಂದ ಬನಿಯನ್ನು ತೆಗೆದು ಮೇಜಿನ ಮೇಲೆ ಹಾಸಿದಳು. ಚಂದನಾ ಮಾತು ನಿಲ್ಲಿಸಿದಳು.



"ಇಷ್ಟೆಲ್ಲ ಗೊತ್ತಿರೋರು ಈ ಐದು ತಾಲ್ಲೂಕಿನಾಗ ಎಷ್ಟು ಮಂದಿ ಇರಬಹುದು?" ವಾಣಿಶ್ರೀ ಮೆಲ್ಲಗೆ ಕೇಳಿದಳು.

"ನನ್ನ ಮ್ಯಾಲೂ ಅನುಮಾನ ಏನ್ರಿ?"

"ನನಗ ಎಲ್ಲರ ಮ್ಯಾಲೂ."

ಚಂದನಾಗೆ ಬೇಸರವಾಗಲಿಲ್ಲ. "ರಿಸೆಪ್ಟರ್ ಕಥಿ ಗೊತ್ತಿರಬೇಕಂತಿಲ್ಲ ಮೇಡಂ. ಕಿಡ್ನಿ ಹಾಕಿದ ಮ್ಯಾಲ ಮನಿಗೆ ಕಳಿಸುವಾಗ ಒಂದು ಪುಸ್ತಕ ಕೊಡ್ತಾರ. ಯಾವ ಔಷಧ ತಗೋಬಾರದು ಅಂತ ಅದರಾಗ ಪಟ್ಟಿ ಇರತೈತಿ. ಮೊದಲ ಸಾಲಿನಾಗ ಇದ ಇರತೈತಿ. ಆ ಪುಸ್ತಕ ಓದಿದೋರು ಯಾರು ಅಂತ ಹುಡುಕ್ರಿ."

ವಾಣಿಶ್ರೀ ಎದ್ದಳು. ಬಾಗಿಲವರೆಗೆ ಹೋದವಳನ್ನು ಚಂದನಾ ಕೂಗಿ ನಿಲ್ಲಿಸಿದಳು.

"ಲಗೂನ ಹುಡುಕ್ರಿ. ಇನ್ನೊಂದ್ಸಲ ಮಟ್ಟ ಇಳೀತಂದ್ರ ಆ ಕಿಡ್ನಿ ತಡಿಯಂಗಿಲ್ಲ."

*

ಜೀಪಿನ ಬಳಿ ಹೆಡ್ ಕಾನ್‌ಸ್ಟೇಬಲ್ ಪಾಲಣ್ಣ ಫೋನು ಕಿವಿಗೆ ಒತ್ತಿಕೊಂಡು ನಿಂತಿದ್ದ. ಕೂಡ್ಲಿಗಿ ಕಡೆಯವನು, ಇಪ್ಪತ್ತೆಂಟು ವರ್ಷದ ಸರ್ವಿಸು. ಗುರುಬಸವರಾಜನ ಮನೆಯವರು ಯಾವ ಔಷಧ ಕೊಂಡಿದ್ದಾರೆಂದು ನಿನ್ನೆಯಿಂದ ಠಾಣೆಯ ಪೇದೆಗಳು ಹರಪನಹಳ್ಳಿಯ ಮೆಡಿಕಲ್ ಶಾಪುಗಳನ್ನು ಒಂದೊಂದೇ ವಿಚಾರಿಸುತ್ತಿದ್ದರು. ಟಿಬಿಯಂಥ ರೋಗದ ಔಷಧ ಮಾರಿದರೆ ಕೊಂಡವರ ಹೆಸರು ಊರು ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮವಿದೆ.

"ಹೊರಗಿಂದ ನಿಮ್ಮ ಮಾತು ಕೇಳಿಸಿಕೊಂಡೆ, ಔಷಧದ ಹೆಸರು ಫೋನಿನಾಗ ಅವರಿಗೆ ಹೇಳಿಬಿಟ್ಟೆ," ಎಂದ ಪಾಲಣ್ಣ. "ಸಿಕ್ಕೈತ್ರಿ ಮೇಡಂ. ರಿಫಾಂಪಿಸಿನ್ ಕ್ಯಾಪ್ಸೂಲು, ಒಂದೊಂದು ಸಲಕ್ಕ ಮೂವತ್ತು. ದೀಪಾವಳಿಯಿಂದೀಚೆಗೆ ನಾಕು ಸಲ ಒಯ್ದಾರ. ಡಾಕ್ಟ್ರ ಚೀಟಿ ತೋರಿಸೇ ಒಯ್ದಾರಂತ. ಹೆಸರು ಕೇಳ್ರಿ. ಸುಕನ್ಯಾ, ಕೊಟ್ಟೂರು."

"ಒಯ್ದೋರು ಹೆಂಗಿದ್ರಂತ?"

"ಹೆಂಗಸು. ಮುಖಕ್ಕ ಮಾಸ್ಕು." ಪಾಲಣ್ಣ ಜೀಪು ಹತ್ತಿದ. "ಮುಗೀತು ಬಿಡ್ರಿ. ಹೆಂಡ್ತೀನ."

ವಾಣಿಶ್ರೀ ಕಿಟಕಿಯಾಚೆ ನೋಡುತ್ತ ಕುಳಿತಳು. ಗಂಡನನ್ನು ಕೊಲ್ಲಲು ಹೊರಟವಳು ತನ್ನ ಹೆಸರನ್ನೇ ಬರೆಸುತ್ತಾಳೆಯೇ? ಅಷ್ಟು ದಡ್ಡಿಯೋ? ಇಲ್ಲ, ಯಾರೂ ಹಾಗೆ ಮಾಡುವುದಿಲ್ಲ ಎಂದು ಪೊಲೀಸರು ಅಂದುಕೊಳ್ಳಲಿ ಎನ್ನುವಷ್ಟು ಜಾಣೆಯೋ?



*

ಸುಕನ್ಯಾಳ ಕೋಣೆ ಮನೆಯ ಒಳಗಿರಲಿಲ್ಲ. ಪಡಸಾಲೆಯ ಮಗ್ಗುಲಲ್ಲಿ, ಹಿಂದೆ ಭತ್ತದ ಚೀಲ ಇಡುತ್ತಿದ್ದ ಜಾಗ. ಒಂಟಿ ಮಂಚ. ಒಂದು ತಾಟು, ಒಂದು ಲೋಟ, ಬೇರೆಯವರ ಪಾತ್ರೆಯ ಜೊತೆ ಸೇರದ ಹಾಗೆ ಕಿಟಕಿಯಲ್ಲಿ ಬೋರಲು ಹಾಕಿದ್ದವು.

"ಟ್ರಂಕು ತಗೀರಿ," ಎಂದಳು ವಾಣಿಶ್ರೀ.

"ಯಾಕ್ರಿ?"

"ತಗೀರಿ ಅಂದೆ."

ಸುಕನ್ಯಾ ಕೀಲಿ ಹುಡುಕುವ ನೆಪ ಮಾಡಿದಳು. ಆಮೇಲೆ ನೆಪವನ್ನೂ ಬಿಟ್ಟು ಸೊಂಟದಿಂದ ಕೀಲಿ ಬಿಚ್ಚಿಕೊಟ್ಟಳು. ಮೂರನೆಯ ಸೀರೆಯ ಕೆಳಗೆ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಒಳಗೆ ಕೆಂಪು ಕ್ಯಾಪ್ಸೂಲುಗಳು, ಹನ್ನೊಂದು. ಮೈಮೇಲೆ ಸಣ್ಣ ಅಕ್ಷರದಲ್ಲಿ ಅದೇ ಹೆಸರು.

ಪಾಲಣ್ಣ ವಾಣಿಶ್ರೀಯ ಮುಖ ನೋಡಿದ. ನಾ ಹೇಳಲಿಲ್ಲೇನು ಎನ್ನುವ ನೋಟ.

"ಇವು ಏನು?"

ಸುಕನ್ಯಾ ನೆಲ ನೋಡಿದಳು.

"ನಾಕು ತಿಂಗಳಿಂದ ಹರಪನಹಳ್ಳಿ ಅಂಗಡಿಯಾಗ ನಿಮ್ಮ ಹೆಸರಿನ ಮ್ಯಾಲೆ ಇವು ಬಂದಾವ. ನಿಮ್ಮ ಗಂಡನ ಬೆವರಿನಾಗ ಇದರ ಬಣ್ಣ ಐತಿ. ನಾನು ಹೇಳೋದು ತಿಳೀತೇನ್ರಿ? ಇದು ಕೊಲಿ ಪ್ರಯತ್ನದ ಕೇಸು."

"ನಾ ಅವರಿಗೆ ಕೊಟ್ಟಿಲ್ರಿ!" ಮಾಸ್ಕಿನ ಹಿಂದಿನಿಂದ ದನಿ ಹರಿದು ಬಂತು. "ದೇವರಾಣಿ ಕೊಟ್ಟಿಲ್ಲ. ಅವು ನನ್ನ ಗುಳಿಗಿ."

"ನಿಮಗ್ಯಾಕ?"

ಸುಕನ್ಯಾ ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು.

"ನನಗ ಟಿಬಿ ಐತ್ರಿ."

ಪಾಲಣ್ಣ ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ. ಸುಕನ್ಯಾ ಅದನ್ನು ನೋಡಿದಳು. ಅಂಥದ್ದನ್ನು ನೋಡಿ ನೋಡಿ ಅಭ್ಯಾಸವಾದವಳಂತೆ ತಾನೇ ಇನ್ನೂ ಒಂದು ಹೆಜ್ಜೆ ಗೋಡೆಯ ಕಡೆಗೆ ಸರಿದು ನಿಂತಳು.

"ಇವರಿಗೆ ಕಿಡ್ನಿ ಹಾಕ್ಯಾರ, ಸಣ್ಣ ಸೋಂಕು ಹತ್ತಿದ್ರೂ ಜೀವಕ್ಕ ಬರತೈತಿ ಅಂತ ಡಾಕ್ಟ್ರು ಹೇಳಿದ್ರು. ಹಂಥಾದ್ರಾಗ ನನಗ ಕೆಮ್ಮು ಹಿಡೀತು. ಟಿಬಿ ಅಂತ ಬಂತು. ಯಾರಿಗೆ ಹೇಳ್ಲಿ? ಇವರಿಗೆ ಹೇಳಿದ್ರ ಅಂಜಿಕೇಲೇ ಅರ್ಧ ಆಗ್ತಾರ. ಧೂಳು ಆಗಂಗಿಲ್ಲ ಅಂತ ಹೇಳಿ ಇಲ್ಲಿ ಬಂದು ಮಲಗಿದೆ. ಅವರ ತಾಟು ಮುಟ್ಟಿಲ್ಲ. ನಾಕು ತಿಂಗಳಾತು, ಅವರ ಹಣಿ ಮುಟ್ಟಿ ಜ್ವರ ಐತೇನು ಅಂತ ನೋಡಿಲ್ರಿ ನಾನು."

ಅವಳ ಕಣ್ಣಿಂದ ಇಳಿದ ನೀರು ಬಿಳಿ ಮಾಸ್ಕಿನ ಅಂಚನ್ನು ತೋಯಿಸಿತು. ವಾಣಿಶ್ರೀ ಆ ತೇವವನ್ನೇ ನೋಡುತ್ತಿದ್ದಳು. ಬಟ್ಟೆ ಒದ್ದೆಯಾಯಿತು. ಬಿಳಿಯಾಗಿಯೇ ಉಳಿಯಿತು.

"ಪಾಲಣ್ಣ, ಒಂದು ನಿಮಿಷ ಹೊರಗ ಇರ್ರಿ."

ಅವನು ಹೋದ ಮೇಲೆ ವಾಣಿಶ್ರೀ ದನಿ ತಗ್ಗಿಸಿದಳು. "ಸಂಕೋಚ ಮಾಡಬ್ಯಾಡ್ರಿ. ಮೂತ್ರ ಯಾವ ಬಣ್ಣ ಹೋಗತೈತಿ ನಿಮಗ?"

"ಏನ್ರಿ ಮೇಡಂ ಇದು..."

"ಹೇಳ್ರಿ."

"ಯಾವಾಗ್ಲೂ ಹೋದಂಗ ಹೋಗತೈತ್ರಿ."

"ಇವತ್ತು ಗುಳಿಗಿ ತಗೊಂಡ್ರೇನು?"

"ಮುಂಜಾನೇನ ತಗೊಂಡೆ. ಒಂದು ದಿನಾನೂ ಬಿಟ್ಟಿಲ್ಲ."

ವಾಣಿಶ್ರೀ ಕಿಟಕಿಯಲ್ಲಿದ್ದ ಲೋಟಕ್ಕೆ ನೀರು ತುಂಬಿದಳು. ಒಂದು ಕ್ಯಾಪ್ಸೂಲನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ ಬಿಚ್ಚಿದಳು. ಇಟ್ಟಿಗೆ ಬಣ್ಣದ ಪುಡಿ ಬೀಳಬೇಕಿತ್ತು. ಬಿದ್ದದ್ದು ಬಿಳಿ ಹಿಟ್ಟು. ಅದು ನೀರಲ್ಲಿ ಗಂಟಾಗಿ ತಳಕ್ಕೆ ಹೋಗಿ ಕುಳಿತಿತು.

ಇನ್ನೊಂದು ಬಿಚ್ಚಿದಳು. ಅದೂ ಹಾಗೆಯೇ.

"ಮೈದಾ ಇದು," ಎಂದಳು. "ಒಳಗಿನ ಔಷಧ ತಗದು ಮೈದಾ ತುಂಬ್ಯಾರ. ನೀವು ನಾಕು ತಿಂಗಳು ಇದನ್ನ ನುಂಗೀರಿ."

ಸುಕನ್ಯಾ ಮಂಚದ ತುದಿಗೆ ಕುಸಿದಳು. "ಹಂಗಾರ ನನ್ನ ಟಿಬಿ?"

"ಐತೋ ಇಲ್ಲೋ ನನಗ ಗೊತ್ತಿಲ್ರಿ. ಇವತ್ತ ಸರ್ಕಾರಿ ದವಾಖಾನ್ಯಾಗ ಕಫ ಪರೀಕ್ಷೆ ಮಾಡಸ್ತೀನಿ. ರಿಪೋರ್ಟು ಯಾರು ತಂದುಕೊಟ್ರು ನಿಮಗ?"

ಕೇಳುತ್ತಿದ್ದ ಹಾಗೆಯೇ ವಾಣಿಶ್ರೀಯ ಒಳಗಿನ ಇನ್ನೊಂದು ದನಿ ಎಚ್ಚರಿಸಿತು: ಪುಡಿಯನ್ನು ಇವಳೇ ತೆಗೆದು ಗಂಡನಿಗೆ ಹಾಕಿದ್ದರೂ ಇವಳ ಕಣ್ಣೀರು ಹೀಗೇ ಬೆಳ್ಳಗಿರುತ್ತಿತ್ತು. ಅಳು ಯಾವುದಕ್ಕೂ ಸಾಕ್ಷಿಯಲ್ಲ.

"ನಮ್ಮ ನಾದಿನಿ," ಎಂದಳು ಸುಕನ್ಯಾ.

"ಯಾರು?"

"ಎರ್ರಮ್ಮ. ಕೆಮ್ಮು ಬಂದಾಗ ಆಕೀನ ಹರಪನಹಳ್ಳಿಗೆ ಕರ್ಕೊಂಡು ಹೋಗಿದ್ಲು. ರಿಪೋರ್ಟು ಆಕೀನ ತಂದ್ಲು. ಗುಳಿಗೀನೂ ತಿಂಗಳಿಗೊಮ್ಮೆ ಆಕೀನ ತಂದುಕೊಡ್ತಾಳ. ಅಣ್ಣಗ ಹೇಳಬ್ಯಾಡ ಅತ್ತಿಗಿ, ನಾ ಅದೀನಿ ಅಂದ್ಲು. ಕಿಡ್ನೀನ ಕೊಟ್ಟಾಕಿ, ಆಕೀನ ನಂಬದ ಇನ್ಯಾರನ್ನ ನಂಬ್ಲಿ?"

ವಾಣಿಶ್ರೀ ಲೋಟವನ್ನು ಕೆಳಗಿಟ್ಟಳು. ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ ಆ ಹೆಂಗಸು ಕಣ್ಣ ಮುಂದೆ ಬಂದಳು. ಯಾರ ಮೇಲೆ ಅನುಮಾನ ಎಂದು ಕೇಳಿದಾಗ ಅವತ್ತು ಆಕೆ ಬಾಯಿಬಿಟ್ಟು ಹೆಸರು ಹೇಳಿರಲಿಲ್ಲ. 'ಮನಿಯೊಳಗಿನ ಮಂದೀನ ಕೇಳ್ರಿ' ಎಂದಿದ್ದಳು, ಅಷ್ಟೇ.

"ಈ ಮನ್ಯಾಗ ನಿಮ್ಮ ಗಂಡ ಒಬ್ಬರೇ ತಿನ್ನೋದು, ಬ್ಯಾರೆ ಯಾರೂ ಮುಟ್ಟದ್ದು ಏನರ ಐತೇನು?"

ಸುಕನ್ಯಾ ಯೋಚಿಸಿದಳು. "ಶೇಂಗಾ ಚಟ್ನಿಪುಡಿ. ಅವರು ಉಪ್ಪು ಕಡಿಮಿ ತಿನ್ನಬೇಕಲ್ರಿ, ಅದಕ್ಕ ಅವರಿಗೇ ಅಂತ ಬ್ಯಾರೆ ಮಾಡೋದು. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕೆಂಪಗ. ಈಚೀಚೆಗೆ ಯಾಕೋ ಸ್ವಲ್ಪ ಕಹಿ ಹತ್ತತೈತಿ ಅಂತಿದ್ರು."

"ಮಾಡೋರು?"

ಸುಕನ್ಯಾ ಮಂಚದಿಂದ ಎದ್ದು ನಿಂತಳು.

"ಅದನ್ನೂ ಎರ್ರಮ್ಮನ ಕಳಸ್ತಾಳ್ರಿ. ದವಾಖಾನ್ಯಾಗ ಇಷ್ಟು ದಿನ ಅಲ್ಲಿಂದೇ ಊಟ ಇತ್ತು. ನಿನ್ನಿಯಿಂದ ಮನಿ ಊಟ ನಡಿತೈತಿ ಅಂದ್ರು. ಇವತ್ತು ಮುಂಜಾನಿ ಬಸ್ಸಿಗೆ ಹೋಗೋರ ಕೈಯಾಗ ರೊಟ್ಟಿ ಸಂಗಟ ಆ ಡಬ್ಬೀನೂ ಕಳಸೀನಿ..."

"ಪಾಲಣ್ಣ!"

ವಾಣಿಶ್ರೀ ಹೇಳಿದಂತೆ ಪಾಲಣ್ಣ ದಾವಣಗೆರೆಯ ವಾರ್ಡಿನ ನರ್ಸಿಗೆ ಫೋನು ಹಚ್ಚಿದ. ಮೂರು ಸಲ ಹೊಡೆದ ಮೇಲೆ ಎತ್ತಿದರು. ಪೇಷಂಟು ಊಟಕ್ಕೆ ಕೂತಿದ್ದಾರೆ, ರೊಟ್ಟಿ ಮುರಿದಿದ್ದಾರೆ, ಡಬ್ಬಿಯ ಮುಚ್ಚಳ ಈಗ ತೆಗೆಯುತ್ತಿದ್ದಾರೆ.

"ಕಸಕೊಳ್ರಿ! ಕಸಕೊಂಡು ಬೀರುವಿ‌ನಾಗ ಇಟ್ಟು ಕೀಲಿ ಹಾಕ್ರಿ. ಪೊಲೀಸ್ರು ಬಂದು ಒಯ್ತಾರ!" ಪಾಲಣ್ಣ ಪಡಸಾಲೆ ಅದುರುವಂತೆ ಕೂಗಿದ.

ಆ ಕಡೆ ಯಾರೋ ಓಡಿದ ಸದ್ದು. ಆಮೇಲೆ ನರ್ಸಿನ ದನಿ: ತೆಗೆದುಕೊಂಡೆ.

ಸುಕನ್ಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಪಾಲಣ್ಣ ಅವಳ ಪಕ್ಕದಲ್ಲಿ ಬಂದು ನಿಂತ. ಈ ಸಲ ಹಿಂದೆ ಸರಿಯಲಿಲ್ಲ. ಕೊಡದಿಂದ ನೀರು ಬಗ್ಗಿಸಿ ಬೇರೆ ಲೋಟ ಅವಳ ಕೈಗೆ ಕೊಟ್ಟ.

*

ಎರ್ರಮ್ಮನ ಊರು ಹಲವಾಗಲಿನ ದಾರಿ ಹಿಡಿದಾಗ ಮಧ್ಯಾಹ್ನ ಮೂರು ಗಂಟೆ. ಹರಪನಹಳ್ಳಿ ದಾಟಿದ ಮೇಲೆ ಮೆಕ್ಕೆಜೋಳದ ಹೊಲಗಳು ಕೊಯ್ಲಾಗಿ ಬೋಳಾಗಿದ್ದವು.

"ನನ್ನ ತಲಿಗೆ ಹತ್ತವಲ್ದು ಮೇಡಂ," ಪಾಲಣ್ಣ ತನ್ನಷ್ಟಕ್ಕೆ ಮಾತಾಡುತ್ತಿದ್ದ. "ಹೊಟ್ಟಿ ಕೊಯ್ಸಿಕೊಂಡು ಅಣ್ಣಗ ಕಿಡ್ನಿ ಕೊಟ್ಟಾಳ. ತಾನ ಕೊಟ್ಟದ್ದನ್ನ ತಾನ ಯಾಕ ಕೊಲ್ತಾಳ? ಹಂಗ ಕೊಲ್ಲಾಕಿ ಠಾಣೆಗೆ ಬಂದು ದೂರು ಯಾಕ ಕೊಡ್ತಾಳ? ಅತ್ತಿಗೀನ್ನ ಸಿಗಿಸಾಕ ಅಂತೀರೇನು? ಅತ್ತಿಗಿ ಮ್ಯಾಲೆ ಅಷ್ಟು ಸಿಟ್ಟೇನು?"

"ಸಿಟ್ಟಿದ್ದರ ಅತ್ತಿಗಿಗೇ ವಿಷ ಹಾಕ್ತಿದ್ಲು," ಎಂದಳು ವಾಣಿಶ್ರೀ. "ಆಕೆಗೆ ಸಾಯಬೇಕಾಗಿದ್ದು ಅಣ್ಣ ಅಲ್ಲ, ಅತ್ತಿಗಿ ಅಲ್ಲ. ಈ ಔಷಧ ಕೆಡಸೋದು ಒಂದನ್ನ. ಕಿಡ್ನಿ."

ಹೇಳಿದ ಮೇಲೆ ಆ ಮಾತು ಅವಳಿಗೇ ವಿಚಿತ್ರವಾಗಿ ಕೇಳಿಸಿತು.

ಎರ್ರಮ್ಮನ ಮನೆ ಹೊಳೆಯ ಕಡೆಗೆ, ಊರಿನ ಕೊನೆಯ ಓಣಿಯಲ್ಲಿ. ಗಂಡ ತೀರಿಕೊಂಡಿದ್ದ, ಒಬ್ಬಳೇ ಇರುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಕೂಗಿದರೆ ಉತ್ತರವಿಲ್ಲ. ಹೊಳೆಗೆ ಹೋಗಿದ್ದಾಳೆ, ಈಗ ಬರುತ್ತಾಳೆ ಎಂದು ಪಕ್ಕದ ಮನೆಯ ಮುದುಕಿ ಹೇಳಿದಳು.

"ಸಾಕ್ಷಿಗೆ ಪಂಚರನ್ನ ಕರ್ಕೊಂಡು ಬರ್ತೀನಿ, ಅಲ್ಲೀತನಕ ಏನೂ ಮುಟ್ಟಬ್ಯಾಡ್ರಿ," ಎಂದು ಪಾಲಣ್ಣ ಓಣಿಯಲ್ಲಿ ಮಾಯವಾದ.

ವಾಣಿಶ್ರೀ ಹೊಸ್ತಿಲ ಒಳಗೆ ನಿಂತಳು. ಒರಳಿನ ಬಾಯಿಗೆ ಕೆಂಪು ಪುಡಿ ಮೆತ್ತಿತ್ತು. ಗೋಡೆಯ ಮೊಳೆಗೆ ಆಸ್ಪತ್ರೆ ಕಾಗದಗಳ ಪ್ಲಾಸ್ಟಿಕ್ ಕವರು ನೇತುಬಿದ್ದಿತ್ತು. ಅದರ ಬಾಯಿಂದ ನೀಲಿ ರಟ್ಟಿನ ಪುಸ್ತಕವೊಂದು ಅರ್ಧ ಹೊರಗೆ ಬಂದಿತ್ತು. ಕಿಡ್ನಿ ಹಾಕಿಸಿಕೊಂಡವರಿಗೆ ಸೂಚನೆಗಳು.

ಪಾಲಣ್ಣ ಹೇಳಿದ್ದು ನೆನಪಿತ್ತು. ಆದರೂ ಅವಳು ಕರವಸ್ತ್ರದಲ್ಲಿ ಹಿಡಿದು ಪುಸ್ತಕ ಹೊರಗೆಳೆದಳು. ತಗೋಬಾರದ ಔಷಧಗಳ ಪಟ್ಟಿಯಲ್ಲಿ ಮೊದಲ ಹೆಸರಿನ ಕೆಳಗೆ ಗೆರೆ ಎಳೆದಿತ್ತು. ಪುಸ್ತಕದ ಜೊತೆ ಇನ್ನೊಂದು ಕಾಗದವೂ ಜಾರಿ ಬಂತು.

ಹೊಟ್ಟೆನೋವಿಗೆಂದು ಮಾಡಿಸಿದ ಸ್ಕ್ಯಾನಿಂಗ್ ವರದಿ. ಹೆಸರು ಎರ್ರಮ್ಮ, ವಯಸ್ಸು ನಲವತ್ತಾರು, ಹಲವಾಗಲು. ತಾರೀಖು, ಮೂರು ವಾರದ ಹಿಂದಿನದು.

ಲಿವರ್ ಸರಿಯಾಗಿದೆ. ಪಿತ್ತಕೋಶ ಸರಿಯಾಗಿದೆ. ಬಲ ಕಿಡ್ನಿ, ಗಾತ್ರ ಸರಿಯಾಗಿದೆ. ನಾಲ್ಕು ಮಿಲಿಮೀಟರಿನ ಹರಳು ಕಂಡುಬಂದಿದೆ.

ಮುಂದಿನ ಸಾಲನ್ನು ವಾಣಿಶ್ರೀ ಎರಡು ಸಲ ಓದಿದಳು.

ಎಡ ಕಿಡ್ನಿ, ಗಾತ್ರ ಸರಿಯಾಗಿದೆ.

ಎರಡೂ ಇದ್ದವು. ಎರ್ರಮ್ಮ ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ.

"ಓದಿ ಮುಗಿಸಿದ್ರೇನ್ರಿ ಮೇಡಂ?"

ಬಾಗಿಲಲ್ಲಿ ಎರ್ರಮ್ಮ ನಿಂತಿದ್ದಳು. ಒಗೆದ ಬಟ್ಟೆಯ ಬುಟ್ಟಿಯನ್ನು ನಿಧಾನವಾಗಿ ಕೆಳಗಿಟ್ಟು ಒಳಗೆ ಬಂದು ಕದ ಮುಂದಕ್ಕೆ ಮಾಡಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಹಳ ದಿನ ನಿದ್ದೆ ಕೆಟ್ಟವರ ಸುಸ್ತಿತ್ತು.

"ನಿಮ್ಮಣ್ಣನ ಹೊಟ್ಟ್ಯಾಗ ಇರೋದು ಯಾರದು?" ವಾಣಿಶ್ರೀ ಕೇಳಿದಳು.

"ಕಿಡ್ನಿ ದಲ್ಲಾಳಿಗಳು ನನ್ನ ಆಧಾರು, ನನ್ನ ಹೆಸರು ಒಯ್ದರು. ನನ್ನ ಬದ್ಲಿ ಆಪರೇಷನ್ ಕೋಣಿಗೆ ಹೋದಾಕಿ ಬ್ಯಾರೆ." ಎರ್ರಮ್ಮ ಒರಳಿನ ಪಕ್ಕ ಕುಳಿತಳು. "ಅಣ್ಣಗ ಗೊತ್ತಿಲ್ಲ. ಅವನಿಗೆ ಈವತ್ತಿಗೂ ನಂದ ಅಂತ. ಅದು ಅವನೊಳಗ ಇರೋತನಕ, ಯಾರದು ಅಂತ ಒಂದಿಲ್ಲೊಂದು ದಿನ ಪರೀಕ್ಷೆ ಆಗಬಹುದು ಅಂತ ಅವರಿಗೆ ಅಂಜಿಕಿ ಹತ್ತೈತಿ. ಅದು ಕೆಟ್ಟು, ತಗದು ಒಗದ ದಿನ ಆಕಿನ್ನ ಬಿಡ್ತೀವಿ ಅಂದಾರ."

"ಯಾರನ್ನ ಬಿಡ್ತಾರ? ಯಾರು ಅವರು?"

"ಕೊಟ್ಟಾಕಿನ್ನ. ಇನ್ನಾ ಬದುಕ್ಯಾಳ, ಆ ದಲ್ಲಾಳಿಗಳು ಕೂಡಿ ಹಾಕ್ಯಾರ."

"ಹಂಗಾದ್ರ ಠಾಣೆಗೆ ಬಂದು ದೂರು ಯಾಕ ಕೊಟ್ಟಿ?"

"ನಾ ಬರಲಿಲ್ರಿ. ನನ್ನನ್ನ ಕಳಿಸಿದ್ರು. ಅನುಮಾನ ಅತ್ತಿಗಿ ಮ್ಯಾಲೆ ಹೋಗಲಿ ಅಂತ."

ಎರ್ರಮ್ಮ ಸೆರಗಿನ ಗಂಟಿನಿಂದ ಫೋನು ತೆಗೆದು ನೆಲದ ಮೇಲಿಟ್ಟು ವಾಣಿಶ್ರೀಯ ಕಡೆಗೆ ತಳ್ಳಿದಳು.

"ಮಧ್ಯಾಹ್ನ ಊಟದ ಹೊತ್ತಿಗೆ ಅಣ್ಣನ ಕೈಯಿಂದ ಡಬ್ಬಿ ಕಸಕೊಂಡ್ರಂತ. ನೀವು ಫೋನ್ ಮಾಡಿ ಐದು ನಿಮಿಷ ಆಗಿರಲಿಲ್ಲ, ಆ ವಾರ್ಡಿನೊಳಗಿಂದನ ನನಗ ಫೋನ್ ಬಂತು." ಅವಳು ತಲೆ ಎತ್ತಿದಳು. "ನೀವು ಆ ಕಿಡ್ನೀನ ಉಳಿಸಿಬಿಟ್ರಿ ಮೇಡಂ. ಇನ್ನ ಆಕಿನ್ನ ಯಾರು ಉಳಸ್ತಾರ?"